ಈ ದಶಕ ಮತ್ತು ನಮ್ಮ ನಿರೀಕ್ಷೆಗಳು

ಬೇಸಗೆಯ ರಜೆಯಲ್ಲಿ ಮನೆಯ ಬೀರುವನ್ನು ಒಪ್ಪಗೊಳಿಸುತ್ತಿದ್ದಾಗ, ಹುರಿಯಿಂದ ಬಿಗಿದು ಕಟ್ಟಿದ್ದ ಒಂದು ಕಾಗದದ ಕಂತೆ ನನ್ನ ಕೈಗೆ ಸಿಕ್ಕಿತು. ಬಿಚ್ಚಿ ನೋಡಲಾಗಿ, 2020ನೆಯ ಇಸವಿಯ ಜನವರಿ ತಿಂಗಳಲ್ಲಿ ನನ್ನ ಪದವಿ ತರಗತಿಯ ವಿದ್ಯಾರ್ಥಿಗಳು ಬರೆದಿದ್ದ ನಲವತ್ತಮೂರು ಪ್ರಬಂಧಗಳು ಅವು. ಹೊಸ ದಶಕ ಆಗತಾನೆ ಹೊಸ್ತಿಲನ್ನು ದಾಟಿ ಒಳಗೆ ಬಂದಿದ್ದ ಸಮಯ. "ಬರುವ ಹತ್ತು ವರ್ಷಗಳಿಂದ ಜಗತ್ತು ಏನನ್ನು ನಿರೀಕ್ಷಿಸಬಹುದು?" ಎಂಬ ವಿಷಯವನ್ನು ಕೊಟ್ಟು ನಾನೇ ಬರೆಯಿಸಿದ್ದೆ. ಅಂಕಗಳನ್ನೂ ಹಾಕಿದ್ದೆ, ಹಿಂದಿರುಗಿಸುವಷ್ಟರಲ್ಲಿ ಮಾರ್ಚ್ ತಿಂಗಳು ಬಂದು ಕಾಲೇಜಿನ ಬಾಗಿಲು ಮುಚ್ಚಿತು. ಆ ಬಾಗಿಲು ಮತ್ತೆ ತೆರೆಯುವ ವೇಳೆಗೆ ಆ ತರಗತಿಯೇ ಚದುರಿಹೋಗಿತ್ತು.

ದಶಕದ ಅರ್ಧಕ್ಕೂ ಮಿಕ್ಕ ಭಾಗ ಕಳೆದುಹೋಗಿರುವ ಈ ಹೊತ್ತಿನಲ್ಲಿ ಅವನ್ನು ಓದುವುದು ಒಂದು ವಿಲಕ್ಷಣವಾದ ಅನುಭವ. ಮಕ್ಕಳು ಮುಗ್ಧರಾಗಿಯೇನೂ ಬರೆದಿರಲಿಲ್ಲ. ಚಂದ್ರನ ಮೇಲೆ ಭಾರತದ ನೌಕೆ ಇಳಿದೇ ತೀರುತ್ತದೆ ಎಂದು ಹಲವರು ಬರೆದಿದ್ದರು. 2019ರ ಸೆಪ್ಟೆಂಬರಿನ ಸೋಲು ಅವರ ಮನಸ್ಸಿನಲ್ಲಿ ಇನ್ನೂ ಹಸಿಯಾಗಿತ್ತು. ವಿದ್ಯುತ್ತಿನಿಂದ ಓಡುವ ವಾಹನಗಳು, ಕ್ಯಾನ್ಸರಿಗೆ ಔಷಧ, ಹೊರದೇಶದ ಉದ್ಯೋಗ, ಭ್ರಷ್ಟಾಚಾರದ ಅಂತ್ಯ—ಎಲ್ಲವೂ ಇದ್ದುವು. ಆದರೆ ಆ ನಲವತ್ತಮೂರರಲ್ಲಿ ಒಂದರಲ್ಲಿಯಾದರೂ ಸಾಂಕ್ರಾಮಿಕ ರೋಗದ ಹೆಸರಿಲ್ಲ, ಉಕ್ರೇನಿನ ಹೆಸರಿಲ್ಲ, ಕನ್ನಡದಲ್ಲಿ ಪ್ರಬಂಧ ಬರೆಯಬಲ್ಲ ಯಂತ್ರದ ಊಹೆಯೂ ಇಲ್ಲ. ಅವರನ್ನು ಆಕ್ಷೇಪಿಸುವ ಹಕ್ಕು ನನಗಿಲ್ಲ. ಪ್ರಶ್ನೆ ಕೇಳಿದ ಅಧ್ಯಾಪಕನ ತಲೆಯಲ್ಲಿಯೂ ಅವು ಇರಲಿಲ್ಲ.

ಕಂತೆಯ ಅಡಿಯಲ್ಲಿದ್ದ ಒಂದು ಉತ್ತರ ಮಾತ್ರ ನನ್ನನ್ನು ಹಿಡಿದು ನಿಲ್ಲಿಸಿತು. ಅದನ್ನು ಬರೆದವನು ಎರೆಭೂಮಿಯ ಹಳ್ಳಿಯೊಂದರ ರೈತನ ಮಗ. ತನ್ನ ತಂದೆ ಹಿಂದೆ ಸೂರ್ಯಕಾಂತಿ ಬೆಳೆಯುತ್ತಿದ್ದುದು, ರೋಗ ಬಂದು ಬೆಲೆ ಬಿದ್ದು ಅದನ್ನು ಕೈಬಿಟ್ಟುದು, ಈಗ ಮನೆಗೆ ಅಂಗಡಿಯ ಎಣ್ಣೆಯೇ ಗತಿಯಾದುದು—ಇಷ್ಟನ್ನು ಹೇಳಿ, "ಹತ್ತು ವರ್ಷದೊಳಗೆ ನಮ್ಮ ಹೊಲದಲ್ಲಿ ಮತ್ತೆ ಸೂರ್ಯಕಾಂತಿ ಅರಳಬೇಕು, ಇದೇ ನನ್ನ ನಿರೀಕ್ಷೆ" ಎಂದು ಮುಗಿಸಿದ್ದ. ಅದರ ಕೆಳಗೆ ನನ್ನ ಕೆಂಪು ಶಾಯಿಯ ಷರಾ ಹೀಗಿದೆ: "ವಿಷಯಾಂತರ. ಪ್ರಶ್ನೆ ಜಗತ್ತಿನದು, ಉತ್ತರ ಮನೆಯದು." ಇಪ್ಪತ್ತಕ್ಕೆ ಏಳು ಅಂಕ.

ಆ ಏಳು ಅಂಕಗಳು ಈಗ ನನ್ನನ್ನು ಬಾಧಿಸುತ್ತಿವೆ. ಏಕೆಂಬುದನ್ನು ಹೇಳುವುದೇ ಈ ಲೇಖನದ ಉದ್ದೇಶ.

ಒಂದು ಧಾತು, ಮೂರು ಮಾತು

ಭಾಷೆಯ ಅಧ್ಯಾಪಕನಿಗೆ ಮಾತಿನಿಂದಲೇ ಆರಂಭಿಸುವ ಚಟ, ವಾಚಕರು ಕ್ಷಮಿಸಬೇಕು. ನಿರೀಕ್ಷೆ, ಅಪೇಕ್ಷೆ, ಉಪೇಕ್ಷೆ—ಈ ಮೂರೂ 'ಈಕ್ಷ್' ಎಂಬ ಒಂದೇ ಧಾತುವಿನಿಂದ ಹುಟ್ಟಿದ ಒಡಹುಟ್ಟುಗಳು. ಈಕ್ಷ್ ಎಂದರೆ ನೋಡು. ಬೇಕೆಂದು ನೋಡುವುದು ಅಪೇಕ್ಷೆ. ಕಂಡರೂ ಕಾಣದಂತಿರುವುದು ಉಪೇಕ್ಷೆ. ಬರುತ್ತಿರುವುದನ್ನು ಕಣ್ಣಿಟ್ಟು ನೋಡುವುದು ನಿರೀಕ್ಷೆ. ಅಚ್ಚಗನ್ನಡದ 'ಎದುರುನೋಡು' ಎಂಬ ಮಾತಿನಲ್ಲಿಯೂ ಅದೇ ಅರ್ಥವಿದೆ. ಮುಖ ತಿರುಗಿಸದೆ ನೋಡಬೇಕು. ನಾವಾದರೋ ನಿರೀಕ್ಷೆಯೆಂದರೆ ಒಳ್ಳೆಯದು ಆಗಲಿ ಎಂದು ಕೈಕಟ್ಟಿ ಕುಳಿತಿರುವುದೆಂದು ತಿಳಿದಿದ್ದೇವೆ. ಈ ದಶಕದ ದೊಡ್ಡ ಘಟನೆಗಳನ್ನು ಒಂದೊಂದಾಗಿ ಪರಿಶೀಲಿಸಿದರೆ, ಅವು ಅನಿರೀಕ್ಷಿತವಾಗಿ ಬಂದುವೆಂಬುದಕ್ಕಿಂತ ಉಪೇಕ್ಷಿತವಾಗಿ ಬಂದುವೆಂಬುದೇ ಹೆಚ್ಚು ಸತ್ಯವೆಂದು ತೋರುತ್ತದೆ.

ಉಪೇಕ್ಷೆಯ ಫಲ

ಕೋವಿಡ್ ರೋಗವನ್ನೇ ತೆಗೆದುಕೊಳ್ಳೋಣ. ವಿಶ್ವ ಆರೋಗ್ಯ ಸಂಸ್ಥೆಯೂ ವಿಶ್ವ ಬ್ಯಾಂಕೂ ಸೇರಿ ರಚಿಸಿದ್ದ ಒಂದು ಮಂಡಲಿ 2019ರ ಸೆಪ್ಟೆಂಬರಿನಲ್ಲಿಯೇ, ಉಸಿರಿನ ಮೂಲಕ ಹರಡುವ ರೋಗವೊಂದು 5ರಿಂದ 8 ಕೋಟಿ ಜನರನ್ನು ಬಲಿ ತೆಗೆದುಕೊಳ್ಳುವ ಸಂಭವವಿದೆಯೆಂದೂ ಜಗತ್ತು ಅದಕ್ಕೆ ಸಿದ್ಧವಾಗಿಲ್ಲವೆಂದೂ ವರದಿ ಬರೆದಿತ್ತು. ವರದಿಯನ್ನು ಸ್ವೀಕರಿಸಿದವರು ಕಪಾಟಿನಲ್ಲಿಟ್ಟರು. ನಾಲ್ಕು ತಿಂಗಳು ತುಂಬಿತು. 2020ರ ಜನವರಿ 30ರಂದು ಅಂತರರಾಷ್ಟ್ರೀಯ ತುರ್ತುಪರಿಸ್ಥಿತಿಯ ಘೋಷಣೆಯಾಯಿತು. ಭಾರತದಲ್ಲಿ ಈ ರೋಗದಿಂದ ಸಂಭವಿಸಿದ ಮೊದಲನೆಯ ಮರಣ ನಮ್ಮ ಕಲಬುರಗಿಯದು, ಮಾರ್ಚ್ 10ರಂದು. ಅದೇ ತಿಂಗಳ 25ರಿಂದ ದೇಶವೇ ಬೀಗ ಹಾಕಿಕೊಂಡಿತು. ನಗರಗಳನ್ನು ಕಟ್ಟಿದ ಕೈಗಳು ಗಂಟುಮೂಟೆ ಹೊತ್ತು, ಮಕ್ಕಳನ್ನು ಹೆಗಲಿಗೇರಿಸಿ, ಹೆದ್ದಾರಿಗಳಲ್ಲಿ ನೂರಾರು ಮೈಲಿ ನಡೆದ ದೃಶ್ಯವನ್ನು ನೋಡಿದವರಾರೂ ಮರೆಯಲಾರರು.

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವ ಗಾದೆ ನಮ್ಮಲ್ಲಿದೆ. ಈ ಸಲ ಬಾವಿಯನ್ನು ಬಹು ಬೇಗ ತೋಡಿದರೆಂಬುದನ್ನು ಒಪ್ಪಲೇಬೇಕು. ವೈರಾಣುವಿನ ಅನುವಂಶೀಯ ರಚನೆ ಪ್ರಕಟವಾದದ್ದು 2020ರ ಜನವರಿಯಲ್ಲಿ. ಪ್ರಯೋಗಗಳೆಲ್ಲ ಮುಗಿದು ಸಾರ್ವಜನಿಕರ ತೋಳಿಗೆ ಲಸಿಕೆ ಬಿದ್ದದ್ದು ಬ್ರಿಟನ್ನಿನಲ್ಲಿ ಅದೇ ವರ್ಷದ ಡಿಸೆಂಬರ್ 8ರಂದು. ಹನ್ನೊಂದು ತಿಂಗಳು! ಹಿಂದೆ ಒಂದು ಲಸಿಕೆಗೆ ಹತ್ತಾರು ವರ್ಷ ಹಿಡಿಯುತ್ತಿತ್ತು. ಭಾರತದಲ್ಲಿ 2021ರ ಜನವರಿ 16ರಂದು ಮೊದಲಾದ ಕಾರ್ಯ ಅಕ್ಟೋಬರ್ 21ರ ವೇಳೆಗೆ ನೂರು ಕೋಟಿ ಸೂಜಿಮದ್ದುಗಳನ್ನು ಮುಟ್ಟಿತು. ಇದನ್ನು ಮಾನವನ ಬುದ್ಧಿಯ ಒಂದು ಮಹಾವಿಜಯವೆಂದರೆ ಉತ್ಪ್ರೇಕ್ಷೆಯಲ್ಲ.

ಆದರೆ ಬುದ್ಧಿ ಗೆದ್ದ ವರ್ಷದಲ್ಲಿಯೇ ವ್ಯವಸ್ಥೆ ಸೋತಿತು. ಶ್ರೀಮಂತ ರಾಷ್ಟ್ರಗಳು ತಮ್ಮ ಜನಸಂಖ್ಯೆಗೆ ಬೇಕಾದುದಕ್ಕಿಂತ ಎಷ್ಟೋ ಹೆಚ್ಚು ಲಸಿಕೆಯನ್ನು ಮುಂಗಡವಾಗಿ ಕಾದಿರಿಸಿಕೊಂಡುವು. ಆಫ್ರಿಕದ ದಾದಿಯರು ತಮ್ಮ ಸರದಿಗಾಗಿ ಕಾದರು. ಲಸಿಕೆಯ ಕಾರ್ಖಾನೆಗಳಿದ್ದ ನಮ್ಮ ದೇಶದಲ್ಲಿಯೇ 2021ರ ಏಪ್ರಿಲ್–ಮೇ ತಿಂಗಳುಗಳಲ್ಲಿ ಉಸಿರಿಗೆ ಗಾಳಿಯಿಲ್ಲದೆ ಜನ ಸತ್ತರು. ಚಾಮರಾಜನಗರದಲ್ಲಿ ಮೇ 2ರ ರಾತ್ರಿಯಿಂದ 3ರ ಬೆಳಗಿನ ನಡುವೆ, ಆಮ್ಲಜನಕದ ಅಭಾವದ ನಡುವೆ, 24 ಮಂದಿ ರೋಗಿಗಳು ಅಸುನೀಗಿದರು. ಜಗತ್ತಿನಲ್ಲಿ 2020 ಮತ್ತು 2021ರಲ್ಲಿ ವಾಡಿಕೆಯ ಲೆಕ್ಕವನ್ನು ಮೀರಿ ಸುಮಾರು 1.49 ಕೋಟಿ ಮರಣಗಳಾದುವೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಆ ಲೆಕ್ಕದ ವಿಧಾನವನ್ನು ಭಾರತ ಸರ್ಕಾರ ಒಪ್ಪಲಿಲ್ಲ. ಅಂಕಿಯ ವಿಷಯದಲ್ಲಿ ವಿವಾದವಿರಬಹುದು. ಅಂಗಳದಲ್ಲಿ ಉಳಿದ ಖಾಲಿ ಕುರ್ಚಿಯ ವಿಷಯದಲ್ಲಿ ವಿವಾದವಿಲ್ಲ.

ಇಷ್ಟಾದ ಮೇಲೆ ಕಲಿತದ್ದೇನು? 2025ರ ಮೇ 20ರಂದು ಜಿನೀವಾದಲ್ಲಿ, ಮುಂದಿನ ಮಹಾಮಾರಿಯನ್ನು ಕೂಡಿ ಎದುರಿಸುವ ಒಪ್ಪಂದವೊಂದನ್ನು ರಾಷ್ಟ್ರಗಳು ಅಂಗೀಕರಿಸಿದುವು. ಅದೇ ವರ್ಷದ ಜನವರಿಯಲ್ಲಿ ಅಮೆರಿಕವು ಆ ಸಂಸ್ಥೆಯಿಂದಲೇ ಹೊರಬರುವ ನಿರ್ಧಾರವನ್ನು ಪ್ರಕಟಿಸಿತ್ತು. ಒಂದು ಕೈ ಗಂಟು ಹಾಕುತ್ತಿರುವಾಗ ಇನ್ನೊಂದು ಕೈ ಬಿಚ್ಚುತ್ತಿದೆ. ಈ ಚಿತ್ರ ದಶಕದುದ್ದಕ್ಕೂ ಮತ್ತೆ ಮತ್ತೆ ಕಣ್ಣಿಗೆ ಬೀಳುವುದು.

ಬೇಲಿಯೂ ಹೊಲವೂ

2022ರ ಫೆಬ್ರವರಿ 24ರಂದು ರಷ್ಯದ ಸೈನ್ಯ ಉಕ್ರೇನಿನ ಗಡಿ ದಾಟಿತು. ಇದೂ ಸಿಡಿಲಿನಂತೆ ಎರಗಿದ್ದಲ್ಲ. 2014ರಲ್ಲಿ ಕ್ರಿಮಿಯವನ್ನು ನುಂಗಿದಾಗಲೇ ಮೋಡ ಕವಿದಿತ್ತು. ಮರುದಿನ ಭದ್ರತಾ ಮಂಡಲಿಯ ಮುಂದೆ ಬಂದ ಖಂಡನಾ ನಿರ್ಣಯವನ್ನು ರಷ್ಯವು ತನ್ನ ನಿಷೇಧಾಧಿಕಾರದಿಂದ ತಳ್ಳಿಹಾಕಿತು. ಲೋಕದ ಶಾಂತಿಯನ್ನು ಕಾಯಲೆಂದು ನೇಮಕವಾದ ಐದು ಶಾಶ್ವತ ಸದಸ್ಯರಲ್ಲಿ ರಷ್ಯವೂ ಒಂದು. ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದೇ. ಮಾರ್ಚ್ 2ರಂದು ಮಹಾಸಭೆಯಲ್ಲಿ 141 ರಾಷ್ಟ್ರಗಳು ಆಕ್ರಮಣವನ್ನು ಖಂಡಿಸಿದುವು, 5 ವಿರೋಧಿಸಿದುವು, ಭಾರತವೂ ಸೇರಿ 35 ತಟಸ್ಥವಾಗಿ ಉಳಿದುವು. ಖಂಡನೆಗೆ ತೋಪಿನ ಬಾಯಿಯನ್ನು ಮುಚ್ಚುವ ಶಕ್ತಿಯಿಲ್ಲವೆಂಬುದು ಮೂರು ವರ್ಷ ಕಳೆದರೂ ಕಾಳಗ ಮುಗಿಯದಿದ್ದಾಗ ಎಲ್ಲರಿಗೂ ಮನದಟ್ಟಾಯಿತು.

ಹಾರ್ಕಿವ್ ನಗರದಲ್ಲಿ ಆ ಮಾರ್ಚ್ 1ರಂದೇ ಹಾವೇರಿ ಜಿಲ್ಲೆಯ ಒಬ್ಬ ವೈದ್ಯಕೀಯ ವಿದ್ಯಾರ್ಥಿ ಷೆಲ್ ದಾಳಿಯಲ್ಲಿ ಮಡಿದ ಸುದ್ದಿ ಬಂದಾಗ, ಭೂಪಟದಲ್ಲಿ ಆ ಊರೆಲ್ಲಿದೆಯೆಂದು ಹುಡುಕಿದವರಲ್ಲಿ ನಾನೂ ಒಬ್ಬ. ಆಮೇಲೆ ಹುಡುಕಬೇಕಾದ ಅಗತ್ಯವೇ ಉಳಿಯಲಿಲ್ಲ. ಉಕ್ರೇನು ನಮ್ಮ ಅಡಿಗೆಮನೆಗೇ ಬಂದಿತು. ಜಗತ್ತಿನ ಮಾರುಕಟ್ಟೆಗೆ ಬರುವ ಸೂರ್ಯಕಾಂತಿ ಎಣ್ಣೆಯ ಅರ್ಧಕ್ಕೂ ಹೆಚ್ಚು ಭಾಗ ಉಕ್ರೇನ್ ಮತ್ತು ರಷ್ಯಗಳದು. ಭಾರತ ಬಳಸುವ ಸೂರ್ಯಕಾಂತಿ ಎಣ್ಣೆಯ ಬಹುಪಾಲು ಕಪ್ಪುಸಮುದ್ರದ ಬಂದರುಗಳಿಂದಲೇ ಬರುತ್ತಿತ್ತು. ಬಂದರುಗಳು ಮುಚ್ಚಿದುವು. 2021ರಲ್ಲೇ ಏರತೊಡಗಿದ್ದ ಬೆಲೆ ಲೀಟರಿಗೆ ಇನ್ನೂರು ರೂಪಾಯಿಯ ಹತ್ತಿರ ಬಂದು ನಿಂತಿತು. ಏಪ್ರಿಲ್ ತಿಂಗಳಲ್ಲಿ ಇಂಡೋನೇಷ್ಯ ತಾಳೆಯೆಣ್ಣೆಯ ರಫ್ತನ್ನು ಕೆಲವು ವಾರಗಳ ಕಾಲ ನಿಲ್ಲಿಸಿತು. ಮೇ 13ರಂದು ಭಾರತ ಗೋಧಿಯ ರಫ್ತನ್ನು ನಿಷೇಧಿಸಿತು. ಒಬ್ಬೊಬ್ಬರೂ ತಮ್ಮ ಕಣಜದ ಬಾಗಿಲು ಹಾಕಿಕೊಂಡಂತೆ, ಕಣಜವೇ ಇಲ್ಲದವರ ಪಾಡು ಏನಾಗಬೇಕು?

ಇಲ್ಲಿಯೇ ನನಗೆ ಆ ರೈತನ ಮಗನ ಪ್ರಬಂಧ ಜ್ಞಾಪಕಕ್ಕೆ ಬರುವುದು. ಭಾರತದಲ್ಲಿ ಸೂರ್ಯಕಾಂತಿ ಬೆಳೆಯುವುದರಲ್ಲಿ ಕರ್ನಾಟಕವೇ ಅಗ್ರಗಣ್ಯ ರಾಜ್ಯ. 1990ರ ದಶಕದ ಆದಿಯಲ್ಲಿ ದೇಶದಲ್ಲಿ 25 ಲಕ್ಷ ಹೆಕ್ಟೇರುಗಳನ್ನು ಮುಟ್ಟಿದ್ದ ಈ ಬೆಳೆ 2020ರ ಹೊತ್ತಿಗೆ 3 ಲಕ್ಷ ಹೆಕ್ಟೇರಿಗೂ ಕೆಳಗಿಳಿದಿತ್ತು. ರೋಗಬಾಧೆ, ಮಳೆಯ ಅನಿಶ್ಚಯ, ಬೆಲೆಯ ಏರಿಳಿತ, ಇವೆಲ್ಲಕ್ಕಿಂತ ಮಿಗಿಲಾಗಿ ಹೊರಗಿನಿಂದ ಅಗ್ಗವಾಗಿ ಹರಿದುಬಂದ ಎಣ್ಣೆ—ಇವು ಎರೆಭೂಮಿಯ ರೈತನನ್ನು ಹೊಲದಿಂದ ಹಿಮ್ಮೆಟ್ಟಿಸಿದುವು. ಅಗ್ಗವಾದುದು ಎಂದೆಂದಿಗೂ ಅಗ್ಗವಾಗಿಯೇ ಇರುವುದೆಂದು ನೀತಿ ರೂಪಿಸಿದವರು ನಂಬಿದರು. ಎಲ್ಲಿ ಅಗ್ಗವೋ ಅಲ್ಲಿಂದ ಕೊಳ್ಳು, ದೂರದವನೊಡನೆ ವ್ಯಾಪಾರವಿದ್ದರೆ ಯುದ್ಧವಿರದು ಎಂಬುದು ಮೂವತ್ತು ವರ್ಷಗಳಿಂದ ಜಗತ್ತು ಜಪಿಸಿದ ಮಂತ್ರ. 2022ರಲ್ಲಿ ಆ ಮಂತ್ರದ ಶಕ್ತಿ ಕುಂದಿತು. ಅರ್ಥಶಾಸ್ತ್ರಜ್ಞರು ದೊಡ್ಡ ದೊಡ್ಡ ಗ್ರಂಥಗಳಲ್ಲಿ ಚರ್ಚಿಸಿದ ಈ ಸಂಗತಿಯನ್ನು, ಎರಡು ವರ್ಷ ಮೊದಲೇ ಒಂದೂವರೆ ಪುಟದಲ್ಲಿ ಬರೆದಿದ್ದ ಹುಡುಗನಿಗೆ ನಾನು ಏಳು ಅಂಕ ಕೊಟ್ಟಿದ್ದೆ. ಪ್ರಶ್ನೆ ಜಗತ್ತಿನದೇ, ಉತ್ತರವೂ ಜಗತ್ತಿನದೇ ಆಗಿತ್ತು. ಅದು ನನಗೆ ಕಾಣಿಸಲಿಲ್ಲ.

ಪಶ್ಚಿಮ ಏಷ್ಯದ ದುರಂತವನ್ನು ಕುರಿತು ಬರೆಯುವಾಗ ಲೇಖನಿ ಹಿಂಜರಿಯುತ್ತದೆ. 2023ರ ಅಕ್ಟೋಬರ್ 7ರಂದು ಹಮಾಸ್ ಇಸ್ರೇಲಿನ ಮೇಲೆ ನಡೆಸಿದ ದಾಳಿಯಲ್ಲಿ ಸುಮಾರು 1,200 ಮಂದಿ ಹತರಾದರು. 251 ಮಂದಿಯನ್ನು ಒತ್ತೆಯಾಳುಗಳಾಗಿ ಎಳೆದೊಯ್ದರು. ಅದಕ್ಕೆ ಪ್ರತಿಯಾಗಿ ಗಾಜಾದ ಮೇಲೆ ನಡೆದ ಯುದ್ಧದಲ್ಲಿ ಸತ್ತವರ ಸಂಖ್ಯೆ, ಅಲ್ಲಿಯ ಆರೋಗ್ಯ ಇಲಾಖೆಯ ಲೆಕ್ಕದಂತೆ, 2025ರ ನಡುವಿನ ಹೊತ್ತಿಗೆ 60,000ವನ್ನು ಮೀರಿತು. ಅವರಲ್ಲಿ ಸುಮಾರು ಅರ್ಧದಷ್ಟು ಮಂದಿ ಹೆಂಗಸರು ಮತ್ತು ಮಕ್ಕಳು. ಯುದ್ಧವಿರಾಮವನ್ನು ಕೋರಿದ ನಿರ್ಣಯಗಳನ್ನು 2023ರ ಡಿಸೆಂಬರಿನಿಂದ 2025ರ ಸೆಪ್ಟೆಂಬರಿನ ವರೆಗೆ ಮತ್ತೆ ಮತ್ತೆ ತಡೆದದ್ದು ಅಮೆರಿಕದ ನಿಷೇಧಾಧಿಕಾರ. ಉಕ್ರೇನಿನಲ್ಲಿ ಒಂದು ಬೇಲಿ, ಗಾಜಾದಲ್ಲಿ ಇನ್ನೊಂದು. 2025ರ ಅಕ್ಟೋಬರಿನಲ್ಲಿ ಯುದ್ಧವಿರಾಮದ ಒಪ್ಪಂದವಾಗುವ ಹೊತ್ತಿಗೆ ಕಾಯಬೇಕಾದ ಹೊಲದಲ್ಲಿ ಉಳಿದದ್ದು ಅವಶೇಷಗಳ ರಾಶಿ.

ಸುಡಾನಿನ ಯುದ್ಧ ಇದಕ್ಕಿಂತ ಕಡಿಮೆ ಭೀಕರವಲ್ಲ. ಅದನ್ನು ನೋಡುವ ಕಣ್ಣುಗಳು ಮಾತ್ರ ಕಡಿಮೆ. 2023ರ ಏಪ್ರಿಲ್ 15ರಂದು ಇಬ್ಬರು ಸೇನಾನಾಯಕರ ಅಧಿಕಾರಕಲಹವಾಗಿ ಹೊತ್ತಿಕೊಂಡ ಬೆಂಕಿ ಒಂದು ಕೋಟಿಗೂ ಹೆಚ್ಚು ಜನರನ್ನು ಮನೆ ಬಿಡಿಸಿತು. ಕೋಣಗಳೆರಡು ಕಾದಾಡಿದಲ್ಲಿ ಗಿಡಕ್ಕೆ ಸಾವು. ಆ ಬೆಂಕಿಯ ನಡುವೆ ನಮ್ಮ ನಾಡಿನ ಹಕ್ಕಿಪಿಕ್ಕಿ ಜನ ಸಿಲುಕಿದ್ದರೆಂಬುದನ್ನು ವಾಚಕರು ಮರೆತಿರಲಾರರು. ಗಿಡಮೂಲಿಕೆಯ ತಲೆಯೆಣ್ಣೆಯನ್ನು ಮಾರುತ್ತ ಶಿವಮೊಗ್ಗ, ಮೈಸೂರು, ದಾವಣಗೆರೆಗಳ ಕಡೆಯಿಂದ ಆಫ್ರಿಕದ ಊರೂರು ತಿರುಗುವ ಈ ಬುಡಕಟ್ಟಿನವರಲ್ಲಿ ಕೆಲವರು ಎಲ್ ಫಾಶರ್ ನಗರದಲ್ಲಿದ್ದರು. 'ಆಪರೇಷನ್ ಕಾವೇರಿ' ಎಂಬ ನಮ್ಮ ಹೊಳೆಯ ಹೆಸರಿನ ಕಾರ್ಯಾಚರಣೆಯಲ್ಲಿ ಭಾರತ ಸರ್ಕಾರ 3,800ಕ್ಕೂ ಹೆಚ್ಚು ಮಂದಿಯನ್ನು ಸುಡಾನಿನಿಂದ ಹೊರತಂದಿತು. ಅದೇ ಎಲ್ ಫಾಶರ್, ಐನೂರಕ್ಕೂ ಹೆಚ್ಚು ದಿನಗಳ ಮುತ್ತಿಗೆಯ ನಂತರ, 2025ರ ಅಕ್ಟೋಬರ್ 26ರಂದು ಅರೆಸೇನೆಯ ಕೈವಶವಾಯಿತು. ನಮ್ಮವರು ಹೊರಬಂದರು, ಅವರಿಂದ ಎಣ್ಣೆ ಕೊಂಡವರು ಒಳಗೇ ಉಳಿದರು.

2024ರ ಅಂತ್ಯಕ್ಕೆ ಜಗತ್ತಿನಲ್ಲಿ ಬಲಾತ್ಕಾರದಿಂದ ನೆಲೆ ತಪ್ಪಿದವರ ಸಂಖ್ಯೆ 12.3 ಕೋಟಿ. ಅದೇ ವರ್ಷ ರಾಷ್ಟ್ರಗಳು ಸೈನ್ಯಕ್ಕಾಗಿ ವೆಚ್ಚ ಮಾಡಿದ ಹಣ 2.7 ಲಕ್ಷ ಕೋಟಿ ಡಾಲರು. ಶೀತಲಸಮರ ಮುಗಿದಂದಿನಿಂದ ಒಂದೇ ವರ್ಷದಲ್ಲಿ ಇಷ್ಟು ಏರಿಕೆ ಎಂದೂ ಆಗಿರಲಿಲ್ಲ. 2024ರ ಶಾಂತಿಯ ನೊಬೆಲ್ ಪಾರಿತೋಷಕ ಹಿರೋಷಿಮ–ನಾಗಸಾಕಿಗಳಲ್ಲಿ ಬದುಕುಳಿದ ವೃದ್ಧರ ಸಂಘಟನೆಗೆ ಸಂದಿತು. ಮರುವರ್ಷದ ಮೇ ತಿಂಗಳಲ್ಲಿ ಅಣ್ವಸ್ತ್ರಗಳುಳ್ಳ ಭಾರತ–ಪಾಕಿಸ್ತಾನಗಳ ನಡುವೆ ನಾಲ್ಕು ದಿನಗಳ ಕಾಳಗ ನಡೆಯಿತು. ಅಮೆರಿಕ–ರಷ್ಯಗಳ ಅಣುಸಿಡಿತಲೆಗಳಿಗೆ ಮಿತಿ ಹಾಕಿದ್ದ ಕೊನೆಯ ಒಪ್ಪಂದದ ಅವಧಿಯೂ 2026ರ ಫೆಬ್ರವರಿ 5ಕ್ಕೆ ತೀರಿತು. ವೃದ್ಧರನ್ನು ಸನ್ಮಾನಿಸಿದ ಲೋಕ ಅವರ ಮಾತನ್ನು ಕೇಳಿತೆಂದು ಹೇಳುವುದು ಹೇಗೆ?

ಅಪೇಕ್ಷೆಯ ಲೆಕ್ಕ

ಇನ್ನು ಅಪೇಕ್ಷೆಯ ಮಾತು. 2015ರ ಸೆಪ್ಟೆಂಬರಿನಲ್ಲಿ ವಿಶ್ವಸಂಸ್ಥೆಯ ರಾಷ್ಟ್ರಗಳೆಲ್ಲ ಸೇರಿ 2030ರೊಳಗೆ ಸಾಧಿಸಬೇಕಾದ 17 ಗುರಿಗಳನ್ನು ಒಪ್ಪಿಕೊಂಡುವು. ಹಸಿವಿನ ಅಂತ್ಯ, ಬಡತನದ ಅಂತ್ಯ, ಎಲ್ಲರಿಗೂ ನೀರು, ಎಲ್ಲರಿಗೂ ವಿದ್ಯೆ. ಇಷ್ಟು ಸುಂದರವಾದ ಹಾರೈಕೆಯ ಪಟ್ಟಿಯನ್ನು ಮನುಷ್ಯಕುಲ ಹಿಂದೆಂದೂ ಬರೆದಿರಲಾರದು. 2020ನ್ನು ಈ ಗುರಿಗಳ 'ಕಾರ್ಯದಶಕ'ದ ಆರಂಭವೆಂದೇ ಸಾರಿದರು. 2025ರ ವರದಿಯನ್ನು ನೋಡಿದರೆ, ಅಳೆಯಬಹುದಾದ ಉಪಗುರಿಗಳಲ್ಲಿ ಸರಿದಾರಿಯಲ್ಲಿ ಅಥವಾ ತಕ್ಕಮಟ್ಟಿಗೆ ಮುಂದೆ ಸಾಗಿರುವುವು ನೂರಕ್ಕೆ 35 ಮಾತ್ರ. 18 ಹಿಂದಕ್ಕೇ ಹೋಗಿವೆ. 2024ರಲ್ಲಿ ಹಸಿದವರ ಸಂಖ್ಯೆ ಸುಮಾರು 67 ಕೋಟಿ.

ಹವೆಯ ವಿಷಯದಲ್ಲಿಯಂತೂ ಲೆಕ್ಕ ಇನ್ನೂ ಕಠೋರ. ಕೈಗಾರಿಕಾಯುಗದ ಪೂರ್ವಕಾಲಕ್ಕೆ ಹೋಲಿಸಿ ಭೂಮಿಯ ಶಾಖ ಒಂದೂವರೆ ಡಿಗ್ರಿಗಿಂತ ಏರದಂತೆ ಪ್ರಯತ್ನಿಸೋಣವೆಂದು 2015ರಲ್ಲಿ ಪ್ಯಾರಿಸ್ಸಿನಲ್ಲಿ ಶಪಥ ಮಾಡಿದರು. 2024ರಲ್ಲಿಯೇ ಆ ವರ್ಷದ ಸರಾಸರಿ 1.55 ಡಿಗ್ರಿಯನ್ನು ಮುಟ್ಟಿತು. ಒಂದು ವರ್ಷದ ಏರಿಕೆಯಿಂದ ಶಪಥ ಮುರಿದಂತಾಗುವುದಿಲ್ಲ, ಹಲವು ವರ್ಷಗಳ ಸರಾಸರಿಯನ್ನು ನೋಡಬೇಕು ಎಂದು ತಜ್ಞರು ಹೇಳುತ್ತಾರೆ. ಆ ಸಮಾಧಾನ ಎಷ್ಟು ದಿನ? 2019ಕ್ಕೆ ಹೋಲಿಸಿದರೆ 2030ರೊಳಗೆ ಹೊಗೆಯನ್ನು ನೂರಕ್ಕೆ 43ರಷ್ಟು ಇಳಿಸಬೇಕೆಂಬುದು ವಿಜ್ಞಾನಿಗಳ ಲೆಕ್ಕ. 2024ರಲ್ಲಿ ಅದು ಇಳಿಯುವುದಕ್ಕೆ ಬದಲಾಗಿ ಹೊಸ ಎತ್ತರಕ್ಕೆ ಏರಿತು. ಬಡ ರಾಷ್ಟ್ರಗಳಿಗೆ 2035ರ ವೇಳೆಗೆ ವರ್ಷಕ್ಕೆ 30,000 ಕೋಟಿ ಡಾಲರು ಒದಗಿಸುವುದಾಗಿ 2024ರಲ್ಲಿ ಬಾಕುವಿನಲ್ಲಿ ಮಾತು ಕೊಟ್ಟರು. ಸೈನ್ಯಕ್ಕೆ ಅದೇ ವರ್ಷ ಸುರಿದ ಹಣದ ಒಂಬತ್ತನೆಯ ಒಂದು ಪಾಲು ಅದು, ಅದೂ ಹನ್ನೊಂದು ವರ್ಷದ ವಾಯಿದೆಯ ಮೇಲೆ.

ಇವೆಲ್ಲ ದೂರದ ಮಾತೆನ್ನುವವರು 2023ರ ಮುಂಗಾರನ್ನು ನೆನೆಯಬಹುದು. ರಾಜ್ಯದ 223 ತಾಲ್ಲೂಕುಗಳು ಬರಪೀಡಿತವೆಂದು ಸಾರಲ್ಪಟ್ಟುವು. ಮರುವರ್ಷದ ಮಾರ್ಚಿನಲ್ಲಿ ಬೆಂಗಳೂರಿನ ಸೌಧಗಳ ನಿವಾಸಿಗಳು ಕೊಡ ಹಿಡಿದು ಟ್ಯಾಂಕರಿನ ದಾರಿ ನೋಡಿದರು.

ಆದರೂ ಕತ್ತಲೆಯನ್ನೇ ಬಣ್ಣಿಸುತ್ತ ಕೂರುವುದು ಪ್ರಾಮಾಣಿಕತೆಯಾಗದು. ಐದು ವರ್ಷ ತುಂಬುವುದರೊಳಗೆ ಸಾಯುವ ಮಕ್ಕಳ ಸಂಖ್ಯೆ 2022ರಲ್ಲಿ ಮೊದಲ ಸಲ 50 ಲಕ್ಷಕ್ಕಿಂತ ಕೆಳಗಿಳಿಯಿತು. ಈ ಶತಮಾನದ ಆರಂಭದಲ್ಲಿ ಅದು ಇದರ ಇಮ್ಮಡಿಯಷ್ಟಿತ್ತು. ಮಲೇರಿಯದ ವಿರುದ್ಧ ಎರಡು ಲಸಿಕೆಗಳಿಗೆ ಈ ದಶಕದಲ್ಲಿಯೇ ಮನ್ನಣೆ ದೊರೆಯಿತು. ಅವುಗಳಲ್ಲೊಂದು ಪುಣೆಯಲ್ಲಿ ತಯಾರಾಗುತ್ತದೆ. ಯಾವ ದೇಶಕ್ಕೂ ಸೇರದ ಹೊರಸಮುದ್ರದ ಜೀವರಾಶಿಯನ್ನು ಕಾಯುವ ಒಪ್ಪಂದ 2026ರ ಜನವರಿ 17ರಂದು ಜಾರಿಗೆ ಬಂದಿತು. 2023ರ ಆಗಸ್ಟ್ 23ರ ಸಂಜೆ ಚಂದ್ರನ ದಕ್ಷಿಣ ಧ್ರುವದ ಬಳಿ ಚಂದ್ರಯಾನ–3 ಇಳಿದಾಗ ನನ್ನ ವಿದ್ಯಾರ್ಥಿಗಳ ನಿರೀಕ್ಷೆಗಳಲ್ಲಿ ಒಂದಾದರೂ ಅಕ್ಷರಶಃ ನೆರವೇರಿತು. ಪಾವಗಡದ ಬರಡು ನೆಲದಲ್ಲಿ 13,000 ಎಕರೆಗಳ ಮೇಲೆ ಹಾಸಿರುವ ಫಲಕಗಳು 2,050 ಮೆಗಾವಾಟ್ ವಿದ್ಯುತ್ತನ್ನು ಬಿಸಿಲಿನಿಂದಲೇ ಹಿಂಡಬಲ್ಲವು. ರೈತರು ನೆಲವನ್ನು ಮಾರದೆ ಗೇಣಿಗೆ ಕೊಟ್ಟು ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಆರಂಭವಾದ ಬಾಡಿಗೆ ಪಡೆಯುತ್ತಿದ್ದಾರೆ. ಆದರೆ ಆ ನೆಲದಲ್ಲಿ ಕೂಲಿ ಮಾಡುತ್ತಿದ್ದ, ನೆಲವಿಲ್ಲದವನಿಗೆ ಬಾಡಿಗೆಯಿಲ್ಲ. ಒಳ್ಳೆಯ ಕೆಲಸದ ಲೆಕ್ಕದಲ್ಲಿಯೂ ಬಿಟ್ಟುಹೋದ ಹೆಸರುಗಳಿರುತ್ತವೆ. ಅವನ್ನೂ ಓದುವುದು ನಿರೀಕ್ಷೆಯ ಧರ್ಮ.

ಯಂತ್ರದ ಕನ್ನಡ

ಯಾರೂ ಎಣಿಸದಿದ್ದುದು ಒಂದಿದ್ದರೆ ಅದು ಮಾತನಾಡುವ ಯಂತ್ರ. 2022ರ ನವೆಂಬರ್ 30ರಂದು ಚಾಟ್‌ಜಿಪಿಟಿ ಎಂಬುದು ಸಾರ್ವಜನಿಕರ ಬಳಕೆಗೆ ಬಂದಿತು. ಎರಡು ವರ್ಷ ತುಂಬುವ ಮೊದಲೇ, 2024ರ ಅಕ್ಟೋಬರಿನಲ್ಲಿ, ಭೌತಶಾಸ್ತ್ರ ಮತ್ತು ರಸಾಯನಶಾಸ್ತ್ರ ಎರಡರ ನೊಬೆಲ್ ಪಾರಿತೋಷಕಗಳೂ ಈ ಕೃತಕ ಬುದ್ಧಿಯ ಕೆಲಸಕ್ಕೆ ಸಂದುವು. ಅದು ಮುಂದೆ ಯಾರ ಉದ್ಯೋಗವನ್ನು ಕಸಿಯುತ್ತದೆ, ಯಾವ ರೋಗವನ್ನು ಗುಣಪಡಿಸುತ್ತದೆ ಎಂಬ ಚರ್ಚೆಯನ್ನು ಬಲ್ಲವರಿಗೆ ಬಿಡುತ್ತೇನೆ. ನನ್ನ ಕೊಠಡಿಯಲ್ಲಿ ಕಂಡುದನ್ನು ಮಾತ್ರ ಹೇಳುತ್ತೇನೆ.

ಹಳೆಯ ಕಂತೆ ಸಿಕ್ಕ ಮೇಲೆ, ಅದೇ ವಿಷಯವನ್ನು ಈಗಿನ ತರಗತಿಗೆ ಕೊಟ್ಟು ಮನೆಯಿಂದ ಬರೆದು ತರಹೇಳಿದೆ. ಬಂದ ಉತ್ತರಗಳಲ್ಲಿ ಅರ್ಧಕ್ಕೂ ಹೆಚ್ಚು ಒಂದೇ ಅಚ್ಚಿನವು. ಕಾಗುಣಿತದ ತಪ್ಪಿಲ್ಲ, ವಾಕ್ಯದ ದೋಷವಿಲ್ಲ. ಪ್ರತಿಯೊಂದರಲ್ಲಿಯೂ ಸವಾಲುಗಳು ಮತ್ತು ಅವಕಾಶಗಳು, ಕಡೆಗೆ ಸಮತೋಲನದ ಉಪದೇಶ. ಯಂತ್ರ ಬರೆದದ್ದೆಂದು ತಿಳಿಯಲು ಪತ್ತೇದಾರಿಕೆ ಬೇಕಿರಲಿಲ್ಲ. ಅವುಗಳಲ್ಲಿ ಒಂದರಲ್ಲಿಯೂ ವಿಷಯಾಂತರವಿರಲಿಲ್ಲ. ನಾನು ಜೀವಮಾನವೆಲ್ಲ ಬಯಸಿದ ಪ್ರಬಂಧ ಅದೇ! ಆದರೆ ಅವುಗಳಲ್ಲಿ ಯಾರ ತಂದೆಯೂ ಇರಲಿಲ್ಲ. ಯಾರ ಹೊಲವೂ ಇರಲಿಲ್ಲ. ಹುಡುಗರನ್ನು ಗದರಿಸಲು ಬಾಯಿ ಬರಲಿಲ್ಲ. ಮನೆಯ ಉತ್ತರವನ್ನು ವಿಷಯಾಂತರವೆಂದು ಹೊಡೆದುಹಾಕುತ್ತ ಬಂದ ನನ್ನಂಥ ಅಧ್ಯಾಪಕರೇ ಯಂತ್ರಕ್ಕೆ ದಾರಿ ಸವೆಸಿಕೊಟ್ಟವರಲ್ಲವೆ?

2025ರ ಮೇ 20ರಂದು ಲಂಡನ್ನಿನಲ್ಲಿ ಬಾನು ಮುಷ್ತಾಕ್ ಅವರ ಕಥೆಗಳಿಗೆ, ದೀಪಾ ಭಾಸ್ತಿಯವರ ಇಂಗ್ಲಿಷ್ ಅನುವಾದದೊಡನೆ, ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಸಂದಿತು. ಕನ್ನಡಕ್ಕೆ ಈ ಗೌರವ ಇದೇ ಮೊದಲು. ಲೋಕ ಮೆಚ್ಚಿದ್ದು ಲೋಕಸಮಸ್ಯೆಗಳ ಸಾಮಾನ್ಯ ವಿವೇಚನೆಯನ್ನಲ್ಲ. ದಕ್ಷಿಣ ಭಾರತದ ಮುಸ್ಲಿಂ ಮನೆಗಳ ಒಳಗಿನ ಹೆಣ್ಣಿನ ಸಂಕಟವನ್ನು, ಅಲ್ಲಿಯೇ ನಿಂತು ನೋಡಿದವರ ಕಣ್ಣಿನಿಂದ. ಮನೆಯದು ಜಗತ್ತಿನದಾಗುವ ಬಗೆ ಇದು.

ವಿಶ್ವಸಂಸ್ಥೆ 2022ರಿಂದ 2032ರ ವರೆಗಿನ ಕಾಲವನ್ನು ಮೂಲನಿವಾಸಿಗಳ ಭಾಷೆಗಳ ದಶಕವೆಂದು ಸಾರಿದೆ. ಸುಡಾನಿನಿಂದ ಮರಳಿದ ಹಕ್ಕಿಪಿಕ್ಕಿಗಳು ಮನೆಯಲ್ಲಿ ಆಡುವುದು ಗುಜರಾತಿಗೆ ಹತ್ತಿರವಾದ ವಾಗ್ರಿ ಎಂಬ ನುಡಿ. ಆ ಹಡಗಿನಲ್ಲಿ, ಆ ವಿಮಾನದಲ್ಲಿ ಅವರು ತಮ್ಮ ಭಯವನ್ನು ಪರಸ್ಪರ ಹೇಳಿಕೊಂಡದ್ದು ಆ ನುಡಿಯಲ್ಲಿಯೇ ಇರಬೇಕು. ಬರೆದಿಟ್ಟ ಗ್ರಂಥರಾಶಿಯನ್ನು ಅಗೆದು ಬೆಳೆಯುವ ಯಂತ್ರಕ್ಕೆ ಅಂಥ ಭಾಷೆಯಲ್ಲಿ ಸಿಗುವುದು ಅತ್ಯಲ್ಪ. ಅವರ ಮಕ್ಕಳು ಬರೆಯದಿದ್ದರೆ, ಬರೆದುದನ್ನು ನಾವು ವಿಷಯಾಂತರವೆಂದರೆ, ಈ ದಶಕದ ದೊಡ್ಡ ಘಟನೆಯೊಂದರ ಸಾಕ್ಷ್ಯ ಆ ನುಡಿಯೊಡನೆಯೇ ಅಳಿದುಹೋಗುವುದು.

ಇನ್ನುಳಿದ ವರ್ಷಗಳು

ಹಾಗಾದರೆ 2030ರ ವರೆಗೆ ನಾವು ನಿರೀಕ್ಷಿಸಬಹುದಾದುದೇನು? ಜೋಯಿಸನ ವೇಷ ನನಗೆ ಒಪ್ಪುವುದಿಲ್ಲ. ಆದರೆ ಕಳೆದ ವರ್ಷಗಳ ನಡೆಯಿಂದ ಕೆಲವು ಮಾತುಗಳನ್ನು ಹೇಳಬಹುದು. 17 ಗುರಿಗಳಲ್ಲಿ ಬಹುಪಾಲು ಈಡೇರದೆ ಉಳಿಯುವುವು. ವಾಯಿದೆಯನ್ನು ಮುಂದೂಡುವ ಸಭೆಗಳು ನಡೆಯುವುವು. ದೊಡ್ಡ ರಾಷ್ಟ್ರಗಳು ತಮ್ಮ ಕೈಗಳನ್ನು ತಾವೇ ಕಟ್ಟಿಕೊಳ್ಳುವುದು ಸಂಶಯ; ಆದಕಾರಣ ಭದ್ರತಾ ಮಂಡಲಿಯಿಂದ ಹೆಚ್ಚಿನದನ್ನು ಎದುರುನೋಡಲಾಗದು. ವಿಜ್ಞಾನ ತನ್ನ ಪಾಲಿನ ಕೆಲಸವನ್ನು ನಾವೆಣಿಸಿದುದಕ್ಕಿಂತ ಬೇಗ ಮಾಡುವುದು. ಅದರ ಫಲವನ್ನು ಹಂಚುವಲ್ಲಿ ನಾವು ತಡಮಾಡುವೆವು. ಮುಂದಿನ ವಿಪತ್ತೂ ಯಾವುದೋ ಕಪಾಟಿನಲ್ಲಿ ವರದಿಯಾಗಿ ಈಗಾಗಲೇ ಕುಳಿತಿದೆ. ಅದನ್ನು ತೆಗೆದು ಓದುವವರು ಬೇಕು, ಓದಿದಿರಾ ಎಂದು ಆಳುವವರನ್ನು ಕೇಳುವವರೂ ಬೇಕು. ಇಷ್ಟನ್ನು ಪ್ರಜೆಯಾದವನು ಮಾಡಬಹುದು. ತನ್ನ ಹೊಲ, ತನ್ನ ಕೆರೆ, ತನ್ನ ಆಸ್ಪತ್ರೆ ಇವುಗಳನ್ನು ಕುರಿತ ಪ್ರಶ್ನೆ ಸಣ್ಣದೆಂದು ನಾಚಬೇಕಾಗಿಲ್ಲ. ಜಗತ್ತು ಅಲ್ಲಿಗೇ ಬಂದು ಬಾಗಿಲು ತಟ್ಟುತ್ತದೆ.

ಆ ಏಳು ಅಂಕಗಳನ್ನು ಹೊಡೆದು ಬೇರೆ ಅಂಕ ಬರೆಯೋಣವೆಂದು ಲೇಖನಿ ಎತ್ತಿದೆ, ಬರೆಯಲಿಲ್ಲ. ತಿದ್ದಿದರೆ ತಪ್ಪು ಅವನದೋ ನನ್ನದೋ ಎಂಬುದು ಮುಂದೆ ಕಂತೆಯನ್ನು ಬಿಚ್ಚಿದವರಿಗೆ ತಿಳಿಯದೆ ಹೋಗುವುದು. ಆ ವಿದ್ಯಾರ್ಥಿ ಕೊಟ್ಟಿದ್ದ ದೂರವಾಣಿಯ ಸಂಖ್ಯೆ ಈಗ ಬಳಕೆಯಲ್ಲಿಲ್ಲ. ಹೊಲ ಉಳುತ್ತಿದ್ದಾನೋ, ಬೆಂಗಳೂರು ಸೇರಿದ್ದಾನೋ, ಅವರ ಎರೆಯಲ್ಲಿ ಮತ್ತೆ ಸೂರ್ಯಕಾಂತಿ ಅರಳಿತೋ ಇಲ್ಲವೋ, ಅರಿಯೆ. ಈ ಬರಹ ಅವನ ಕಣ್ಣಿಗೆ ಬಿದ್ದರೆ, ಒಮ್ಮೆ ಬಂದು ತನ್ನ ಉತ್ತರಪತ್ರಿಕೆಯನ್ನು ಒಯ್ಯಲಿ. ದಶಕ ಮುಗಿಯಲು ಇನ್ನೂ ಕಾಲವಿದೆ.